ತೆಳುಪದರದಲ್ಲಿ ಗಾಜಿನ ಸ್ಥಿತ್ಯಂತರ: ಒಂದು ಸಂಖ್ಯೆಯ ವಿಮರ್ಶೆ

ವಸ್ತುವೊಂದರ ಕರಗುವ ತಾಪ, ಸಾಂದ್ರತೆ, ವಕ್ರೀಭವನ ಸೂಚ್ಯಂಕ ಮೊದಲಾದವು ಆ ವಸ್ತುವಿನ ಗುಣಗಳೇ ಹೊರತು ಅದರ ಗಾತ್ರದ ಗುಣಗಳಲ್ಲ ಎಂಬ ತಿಳಿವಳಿಕೆಯ ಮೇಲೆ ಭೌತವಿಜ್ಞಾನದ ಪಠ್ಯಗಳು ನಿಂತಿವೆ. ಒಂದು ಕಿಲೋಗ್ರಾಂ ತಾಮ್ರ ಕರಗುವ ತಾಪದಲ್ಲಿಯೇ ಒಂದು ಗ್ರಾಂ ತಾಮ್ರವೂ ಕರಗುತ್ತದೆ. ಆದರೆ ವಸ್ತುವಿನ ಅಳತೆ ಕೆಲವು ನ್ಯಾನೊಮೀಟರುಗಳಿಗೆ ಇಳಿದಾಗ ಈ ತಿಳಿವಳಿಕೆ ಸಡಿಲಗೊಳ್ಳುತ್ತದೆ. ಅತಿಸೂಕ್ಷ್ಮ ಸ್ಫಟಿಕಕಣಗಳ ಕರಗುವ ತಾಪ ಗಾತ್ರದೊಂದಿಗೆ ಇಳಿಯುವುದು ಬಹುಕಾಲದಿಂದ ಗೊತ್ತಿರುವ ಸಂಗತಿ. ಅದಕ್ಕೆ ಉಷ್ಣಗತಿವಿಜ್ಞಾನದಲ್ಲಿ ಸ್ಪಷ್ಟವಾದ ವಿವರಣೆಯೂ ಇದೆ. ಗಾಜಿನ ಸ್ಥಿತ್ಯಂತರದ ವಿಷಯ ಹಾಗಿಲ್ಲ. ದಪ್ಪ ಗಟ್ಟಿಯಲ್ಲಿಯೇ ಪೂರ್ಣವಾಗಿ ಅರ್ಥವಾಗದ ಈ ವಿದ್ಯಮಾನವನ್ನು ತೆಳುವಾದ ಪಾಲಿಮರ್ ಪದರಗಳಲ್ಲಿ ಅಳೆಯಹೊರಟಾಗ 1994ರಿಂದ ಈಚೆಗೆ ಒಂದು ದೀರ್ಘ ವಾದವೇ ಬೆಳೆಯಿತು. ಆ ವಾದದ ಮುಖ್ಯ ಪ್ರಬಂಧಗಳನ್ನು ಪರಿಶೀಲಿಸಿ, ಅವುಗಳ ನಡುವಿನ ವಿರೋಧ ಎಷ್ಟರಮಟ್ಟಿಗೆ ನಿಸರ್ಗದ್ದು, ಎಷ್ಟರಮಟ್ಟಿಗೆ ಪರಿಭಾಷೆಯದು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪ್ರಶ್ನೆಯ ಸ್ವರೂಪ

ದ್ರವವೊಂದನ್ನು ಸ್ಫಟಿಕವಾಗಲು ಬಿಡದೆ ತಣಿಸುತ್ತ ಹೋದರೆ ಅದರ ಸ್ನಿಗ್ಧತೆ ಅಗಾಧವಾಗಿ ಏರುತ್ತದೆ. ಒಂದು ಹಂತದಲ್ಲಿ ಅಣುಗಳಿಗೆ ತಮ್ಮ ಸ್ಥಾನ ಬದಲಿಸಿಕೊಳ್ಳಲು ಬೇಕಾಗುವ ಕಾಲವು ಪ್ರಯೋಗಕಾರನು ನೀಡಿರುವ ಕಾಲವನ್ನು ಮೀರುತ್ತದೆ. ಆಗ ದ್ರವದ ಅಸ್ತವ್ಯಸ್ತ ರಚನೆಯೇ ಸ್ತಬ್ಧಗೊಂಡು ಗಾಜಾಗುತ್ತದೆ. ಈ ಹಂತದ ತಾಪವನ್ನು ಗಾಜಿನ ಸ್ಥಿತ್ಯಂತರ ತಾಪ ಎಂದು ಕರೆಯಲಾಗುತ್ತದೆ. ಪಾಲಿಸ್ಟೈರೀನಿನಲ್ಲಿ ಅದು ಸುಮಾರು 100 ಡಿಗ್ರಿ ಸೆಲ್ಸಿಯಸ್. ಕರಗುವ ತಾಪದಂತೆ ಇದು ಸ್ಥಿರವಾದ ಬಿಂದುವಲ್ಲ. ತಣಿಸುವ ವೇಗವನ್ನು ಹತ್ತು ಪಟ್ಟು ಕಡಿಮೆ ಮಾಡಿದರೆ ಪಾಲಿಸ್ಟೈರೀನಿನ ಸ್ಥಿತ್ಯಂತರ ತಾಪ ಮೂರು ಡಿಗ್ರಿಯಷ್ಟು ಕೆಳಗೆ ಸರಿಯುತ್ತದೆ. ಅಂದರೆ ಈ ಸಂಖ್ಯೆಯಲ್ಲಿ ವಸ್ತುವಿನ ಪಾಲೂ ಇದೆ, ಅಳೆಯುವ ಕ್ರಮದ ಪಾಲೂ ಇದೆ. ಮುಂದಿನ ವಿವೇಚನೆಗೆಲ್ಲ ಈ ಮಾತೇ ಆಧಾರ.

1965ರಲ್ಲಿ ಆಡಂ ಮತ್ತು ಗಿಬ್ಸ್ ಮಂಡಿಸಿದ ಸಿದ್ಧಾಂತದ ಪ್ರಕಾರ ತಣಿಯುತ್ತಿರುವ ದ್ರವದಲ್ಲಿ ಅಣುವೊಂದು ಒಂಟಿಯಾಗಿ ಚಲಿಸಲಾರದು. ನೆರೆಯ ಅಣುಗಳ ಗುಂಪೊಂದು ಒಟ್ಟಾಗಿ ಚಲಿಸಬೇಕು. ತಾಪ ಇಳಿದಂತೆ ಈ ಸಹಕಾರಿ ಗುಂಪು ದೊಡ್ಡದಾಗುತ್ತದೆ. ಹಾಗಾದರೆ ಗುಂಪಿನ ಗಾತ್ರಕ್ಕಿಂತ ಇಕ್ಕಟ್ಟಾದ ಜಾಗದಲ್ಲಿ ದ್ರವವನ್ನು ಇರಿಸಿದರೆ ಏನಾಗುತ್ತದೆ? ಗುಂಪು ಬೆಳೆಯಲಾರದು, ಸ್ಥಿತ್ಯಂತರ ತಾಪ ಇಳಿಯಬೇಕು, ಆ ಇಳಿಕೆಯಿಂದಲೇ ಗುಂಪಿನ ಗಾತ್ರವನ್ನು ಅಳೆಯಬಹುದು ಎಂಬ ನಿರೀಕ್ಷೆ ಹುಟ್ಟಿತು. ಜ್ಯಾಕ್ಸನ್ ಮತ್ತು ಮೆಕೆನ್ನಾ 1990ರ ಸುಮಾರಿಗೆ ಸೂಕ್ಷ್ಮರಂಧ್ರಗಳುಳ್ಳ ಗಾಜಿನಲ್ಲಿ ಸಾವಯವ ದ್ರವಗಳನ್ನು ತುಂಬಿ ಅಂತಹ ಇಳಿಕೆಯನ್ನು ಕಂಡರು. ಪಾಲಿಮರ್ ಪದರಗಳ ಅಧ್ಯಯನವು ಈ ನಿರೀಕ್ಷೆಯ ಉತ್ತರಾಧಿಕಾರಿಯಾಗಿ ಬಂದಿತು.

ಪ್ರಶ್ನೆಗೆ ವ್ಯಾವಹಾರಿಕ ಮಹತ್ವವೂ ಇದೆ. ಅರೆವಾಹಕ ಚಿಪ್ಪುಗಳ ತಯಾರಿಕೆಯಲ್ಲಿ ಬಳಸುವ ಬೆಳಕುಸಂವೇದಿ ಪಾಲಿಮರ್ ಪದರಗಳು, ಅನಿಲಗಳನ್ನು ಬೇರ್ಪಡಿಸುವ ಪೊರೆಗಳು, ರಕ್ಷಣಾ ಲೇಪನಗಳು ಇವೆಲ್ಲವೂ ತೆಳುವಾಗುತ್ತ ನಡೆದಿವೆ. ದಪ್ಪ ವಸ್ತುವಿನಲ್ಲಿ ಅಳೆದ ಸಂಖ್ಯೆಯನ್ನು ನಂಬಿ ಗಟ್ಟಿಯೆಂದು ಭಾವಿಸಿದ ಪದರ ವಾಸ್ತವದಲ್ಲಿ ಮೆದುವಾಗಿದ್ದರೆ ಅದರಲ್ಲಿ ಕೆತ್ತಿದ ವಿನ್ಯಾಸ ಉಳಿಯಲಾರದು.

2. 1994ರ ಪ್ರಬಂಧ

ಕೆಡ್ಡಿ, ಜೋನ್ಸ್ ಮತ್ತು ಕೋರಿ 1994ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಮೂಲಗ್ರಂಥದಂತಿದೆ. ಕೇಂಬ್ರಿಜ್‌ನ ಈ ಸಂಶೋಧಕರು ಸಿಲಿಕಾನ್ ಫಲಕದ ಮೇಲೆ ಪಾಲಿಸ್ಟೈರೀನ್ ಪದರಗಳನ್ನು ಹರಡಿ ಎಲಿಪ್ಸೊಮೆಟ್ರಿ ವಿಧಾನದಿಂದ ಅಳೆದರು. ಪದರದ ಮೇಲೆ ಬಿದ್ದು ಪ್ರತಿಫಲಿಸುವ ಬೆಳಕಿನ ಧ್ರುವೀಕರಣದಲ್ಲಾಗುವ ಬದಲಾವಣೆಯಿಂದ ಪದರದ ದಪ್ಪವನ್ನು ಕಂಡುಹಿಡಿಯುವ ವಿಧಾನವಿದು. ತಾಪ ಬದಲಾದಂತೆ ದಪ್ಪ ಬದಲಾಗುತ್ತದೆ. ದ್ರವಸ್ಥಿತಿಯ ವ್ಯಾಕೋಚನ ಹೆಚ್ಚು, ಗಾಜಿನದು ಕಡಿಮೆ. ಆದ್ದರಿಂದ ನಕ್ಷೆಯಲ್ಲಿ ಎರಡು ಸರಳರೇಖೆಗಳು ದೊರೆಯುತ್ತವೆ. ಅವು ಸಂಧಿಸುವ ತಾಪವೇ ಸ್ಥಿತ್ಯಂತರ ತಾಪ. ಸುಮಾರು 40 ನ್ಯಾನೊಮೀಟರಿಗಿಂತ ತೆಳುವಾದ ಪದರಗಳಲ್ಲಿ ಈ ತಾಪ ಇಳಿಯತೊಡಗಿ, 10 ನ್ಯಾನೊಮೀಟರಿನ ಆಸುಪಾಸಿನಲ್ಲಿ ಸುಮಾರು 25 ಡಿಗ್ರಿಯಷ್ಟು ಕೆಳಗಿರುವುದು ಕಂಡುಬಂದಿತು.

ಪ್ರಬಂಧದ ನಿಜವಾದ ಶಕ್ತಿ ಇರುವುದು ಅದರ ಒಂದು ನಿಷೇಧಾತ್ಮಕ ಫಲಿತಾಂಶದಲ್ಲಿ. 1,20,000ದಿಂದ 29,00,000ದವರೆಗಿನ ಅಣುತೂಕದ ಪಾಲಿಸ್ಟೈರೀನುಗಳನ್ನು ಬಳಸಿದರೂ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸುರುಳಿಯಾಗಿ ಸುತ್ತಿಕೊಂಡ ಸರಪಳಿಯ ತ್ರಿಜ್ಯ ಮೊದಲನೆಯದರಲ್ಲಿ ಸುಮಾರು 10 ನ್ಯಾನೊಮೀಟರಾದರೆ ಎರಡನೆಯದರಲ್ಲಿ ಸುಮಾರು 45 ನ್ಯಾನೊಮೀಟರು. ಸರಪಳಿ ಇಕ್ಕಟ್ಟಿಗೆ ಸಿಕ್ಕುವುದೇ ಕಾರಣವಾಗಿದ್ದರೆ ಎರಡನೆಯದು ಬಹು ಮೊದಲೇ ಪ್ರತಿಕ್ರಿಯಿಸಬೇಕಿತ್ತು. ಹಾಗಾಗದ ಕಾರಣ ಲೇಖಕರು ಮುಕ್ತ ಮೇಲ್ಮೈಯಲ್ಲಿ ದ್ರವದಂತಹ ತೆಳುಪದರವೊಂದಿರಬಹುದೆಂದು ಊಹಿಸಿದರು. ಊಹೆ ವಿವೇಕಯುತವಾದುದೇ.

ಪ್ರಬಂಧದ ದೌರ್ಬಲ್ಯ ಅದರ ಸೂತ್ರದಲ್ಲಿದೆ. ಪ್ರಯೋಗದ ಬಿಂದುಗಳಿಗೆ ಹೊಂದುವಂತೆ ಎರಡು ಸ್ಥಿರಾಂಕಗಳನ್ನು ಆರಿಸಿಕೊಂಡು ರಚಿಸಿದ ಸೂತ್ರಕ್ಕೆ ಯಾವ ಸಿದ್ಧಾಂತದ ಬೆಂಬಲವೂ ಇರಲಿಲ್ಲ. ಲೇಖಕರು ಹಾಗೆ ಹೇಳಿಕೊಂಡಿರಲೂ ಇಲ್ಲ. ಆದರೂ ಮುಂದಿನ ವರ್ಷಗಳಲ್ಲಿ ಅನೇಕ ಪ್ರಯೋಗಕಾರರು ತಮ್ಮ ಅಳತೆಗಳನ್ನು ಅದೇ ಸೂತ್ರದಲ್ಲಿ ಕೂರಿಸಿ ಸ್ಥಿರಾಂಕಗಳನ್ನು ಹೋಲಿಸುತ್ತ ಹೋದರು. ಇದರಿಂದಾಗಿ ದಪ್ಪಕ್ಕೊಂದು ಸ್ಥಿತ್ಯಂತರ ತಾಪ ಎಂಬ ಕಲ್ಪನೆ ವಿಮರ್ಶೆಯಿಲ್ಲದೆ ಬೇರೂರಿತು. ತೆಳುಪದರದಲ್ಲಿ ಎರಡು ರೇಖೆಗಳ ನಡುವಿನ ಅಂತರವೇ ಕ್ಷೀಣಿಸುತ್ತದೆ, ಸಂಧಿಯು ಒಂದು ಬಿಂದುವಾಗಿ ಉಳಿಯದೆ ಹರವಾಗುತ್ತದೆ ಎಂಬುದನ್ನು 2001ರಲ್ಲಿ ಕವಾನಾ ಮತ್ತು ಜೋನ್ಸ್ ವಿವರವಾಗಿ ತೋರಿಸಿದರು. ಮೂಲ ಪ್ರಬಂಧದ ಲೇಖಕರಲ್ಲೊಬ್ಬರೇ ತಮ್ಮ ಅಳತೆಯ ಮಿತಿಯನ್ನು ಹೀಗೆ ಪರೀಕ್ಷೆಗೊಡ್ಡಿದ್ದು ಪ್ರಶಂಸನೀಯ. ಸೂತ್ರಕ್ಕೆ ದೊರೆತ ಪ್ರಚಾರದ ಜೊತೆಜೊತೆಗೆ ಈ ಎಚ್ಚರಿಕೆಯೂ ಓದುಗರನ್ನು ತಲುಪಬೇಕಾಗಿತ್ತು.

3. ನಿರ್ಬಂಧವೋ ಮೇಲ್ಮೈಯೋ

ಈ ಸಾಹಿತ್ಯದಲ್ಲಿ ಪದೇ ಪದೇ ಬರುವ ಪರಿಕಲ್ಪನೆ 'ನ್ಯಾನೊ ಪ್ರಮಾಣದ ನಿರ್ಬಂಧ'. ನಿರ್ಬಂಧವೆಂದೊಡನೆ ಸುತ್ತಲಿನ ಗೋಡೆ ನೆನಪಾಗುತ್ತದೆ. ರಂಧ್ರದೊಳಗಿನ ದ್ರವಕ್ಕೆ ಈ ಪದ ಸಲ್ಲುತ್ತದೆ. ಪದರಕ್ಕೆ ಸಲ್ಲುತ್ತದೆಯೇ ಎಂಬುದೇ ಪ್ರಶ್ನೆ.

1996ರಲ್ಲಿ ಫಾರೆಸ್ಟ್, ಡಾಲ್ನೊಕಿ-ವೆರೆಸ್, ಸ್ಟೀವನ್ಸ್ ಮತ್ತು ಡಚರ್ ಯಾವ ಆಧಾರಫಲಕವೂ ಇಲ್ಲದೆ ಎರಡೂ ಕಡೆ ಗಾಳಿಗೆ ತೆರೆದುಕೊಂಡ ಪಾಲಿಸ್ಟೈರೀನ್ ಪದರಗಳನ್ನು ಬ್ರಿಲ್ವಾ ಬೆಳಕು ಚದರಿಕೆಯಿಂದ ಅಳೆದರು. ಇಲ್ಲಿ ಗೋಡೆಯೇ ಇಲ್ಲ. ಆದರೂ ಇಳಿಕೆ ಆಧಾರಿತ ಪದರಗಳಿಗಿಂತ ಎಷ್ಟೋ ಹೆಚ್ಚಾಗಿ, ಸುಮಾರು 70 ಡಿಗ್ರಿಯವರೆಗೂ ಇತ್ತು. ಕಡಿಮೆ ಅಣುತೂಕದ ಸ್ವತಂತ್ರ ಪದರವೊಂದರ ಇಳಿಕೆಯು ಅದರ ಅರ್ಧ ದಪ್ಪದ ಆಧಾರಿತ ಪದರದ ಇಳಿಕೆಗೆ ಸರಿಸುಮಾರು ಸಮವೆಂಬುದೂ ಮುಂದಿನ ಅಧ್ಯಯನಗಳಲ್ಲಿ ಕಂಡುಬಂದಿತು. ಎರಡು ಮುಕ್ತ ಮೇಲ್ಮೈಗಳಿದ್ದರೆ ಪರಿಣಾಮವೂ ಎರಡರಷ್ಟು ಎಂಬ ಸರಳ ಲೆಕ್ಕಕ್ಕೆ ಇದು ಹೊಂದುತ್ತದೆ. ಗೋಡೆ ಇರುವಲ್ಲಿ ಏನಾಗುತ್ತದೆಂಬುದಕ್ಕೆ ಕೆಡ್ಡಿ ಮತ್ತು ಸಂಗಡಿಗರು 1994ರಲ್ಲಿಯೇ ಮಾಡಿದ ಇನ್ನೊಂದು ಪ್ರಯೋಗ ಸಾಕ್ಷಿ. ಪಾಲಿಮೀಥೈಲ್ ಮೆಥಾಕ್ರಿಲೇಟ್ ಪದರವನ್ನು ಚಿನ್ನದ ಮೇಲೆ ಹರಡಿದಾಗ ಸ್ಥಿತ್ಯಂತರ ತಾಪ ಇಳಿಯಿತು. ಆಕ್ಸೈಡ್ ಲೇಪವುಳ್ಳ ಸಿಲಿಕಾನಿನ ಮೇಲೆ ತುಸು ಏರಿತು. ಆಕ್ಸೈಡಿನ ಹೈಡ್ರಾಕ್ಸಿಲ್ ಗುಂಪುಗಳೊಡನೆ ಈ ಪಾಲಿಮರ್ ಹೈಡ್ರೊಜನ್ ಬಂಧಗಳನ್ನು ರಚಿಸಿಕೊಳ್ಳುತ್ತದೆ. ದಪ್ಪ ಒಂದೇ, ಪಾಲಿಮರ್ ಒಂದೇ. ಫಲಿತಾಂಶದ ದಿಕ್ಕೇ ಬೇರೆ. ಕೇವಲ ಇಕ್ಕಟ್ಟಿನಿಂದ ಹೀಗಾಗಲಾರದು.

2003ರಲ್ಲಿ ಎಲಿಸನ್ ಮತ್ತು ಟಾರ್ಕೆಲ್ಸನ್ ಈ ದಿಕ್ಕಿನಲ್ಲಿ ನಿರ್ಣಾಯಕವಾದ ಪ್ರಯೋಗ ನಡೆಸಿದರು. ಪ್ರತಿದೀಪಕ ಅಣುಗಳನ್ನು ಜೋಡಿಸಿದ ಒಂದು ತೆಳುಪದರವನ್ನು ಗುರುತಿಲ್ಲದ ಪದರಗಳ ನಡುವೆ ಬೇಕಾದ ಆಳದಲ್ಲಿರಿಸಿ, ಆ ಆಳದ ಸ್ಥಿತ್ಯಂತರ ತಾಪವನ್ನಷ್ಟೇ ಅಳೆದರು. ದಪ್ಪ ಪದರವೊಂದರ ಮುಕ್ತ ಮೇಲ್ಮೈಯಲ್ಲಿನ 14 ನ್ಯಾನೊಮೀಟರ್ ಭಾಗದ ಸ್ಥಿತ್ಯಂತರ ತಾಪ ಒಳಭಾಗದ್ದಕ್ಕಿಂತ 32 ಡಿಗ್ರಿ ಕೆಳಗಿತ್ತು. ಪದರವೊಂದಕ್ಕೆ ಒಂದೇ ಸ್ಥಿತ್ಯಂತರ ತಾಪ ಎಂಬ ಕಲ್ಪನೆ ಇಲ್ಲಿಗೆ ಮುರಿದುಬಿತ್ತು. ಎಲಿಪ್ಸೊಮೆಟ್ರಿ ಕೊಟ್ಟಿದ್ದು ಆಳದೊಂದಿಗೆ ಬದಲಾಗುವ ಒಂದು ಶ್ರೇಣಿಯ ಸರಾಸರಿಯನ್ನು ಮಾತ್ರ. ಪದರ ತೆಳುವಾದಂತೆ ಸರಾಸರಿಯಲ್ಲಿ ಮೇಲ್ಮೈಯ ಪಾಲು ಹೆಚ್ಚುತ್ತದೆ. ಫಖ್ರಾಯ್ ಮತ್ತು ಫಾರೆಸ್ಟ್ 2008ರಲ್ಲಿ ಚಿನ್ನದ ನ್ಯಾನೊಕಣಗಳಿಂದ ಪಾಲಿಸ್ಟೈರೀನಿನ ಮೇಲ್ಮೈಯಲ್ಲಿ ಸಣ್ಣ ಕುಳಿಗಳನ್ನು ರಚಿಸಿ, ಅವು ತುಂಬಿಕೊಳ್ಳುವ ಕಾಲವನ್ನು ಅಳೆದರು. ದಪ್ಪ ವಸ್ತುವಿನ ಸ್ಥಿತ್ಯಂತರ ತಾಪಕ್ಕಿಂತ ಹತ್ತಾರು ಡಿಗ್ರಿ ಕೆಳಗೂ ಮೇಲ್ಮೈ ಚಲನಶೀಲವಾಗಿಯೇ ಇತ್ತು. 2014ರಲ್ಲಿ ಚಾಯ್ ಮತ್ತು ಸಂಗಡಿಗರು ಮೆಟ್ಟಿಲಿನಾಕಾರದ ಪದರ ಸಮತಟ್ಟಾಗುವ ಬಗೆಯನ್ನು ನೋಡಿ, ಸ್ಥಿತ್ಯಂತರ ತಾಪದ ಕೆಳಗೆ ಹರಿವು ಮೇಲ್ಮೈಗೆ ಹೊಂದಿದ ತೆಳುಭಾಗದಲ್ಲಷ್ಟೇ ನಡೆಯುವುದನ್ನು ಸ್ಥಾಪಿಸಿದರು.

ಹೀಗಾಗಿ ಪಾಲಿಸ್ಟೈರೀನಿನ ಮಟ್ಟಿಗೆ 'ನಿರ್ಬಂಧ' ಎಂಬುದು ದಾರಿತಪ್ಪಿಸುವ ಪದ. ಅಲ್ಲಿ ಅಣುಗಳಿಗೆ ಒದಗಿರುವುದು ಬಂಧನವಲ್ಲ, ಒಂದು ಕಡೆಯ ಬಿಡುಗಡೆ. ಇದಕ್ಕೆ ಅಪವಾದವೂ ಇದೆ. ಅಧಿಕ ಅಣುತೂಕದ ಸ್ವತಂತ್ರ ಪದರಗಳಲ್ಲಿ ಇಳಿಕೆಯು ಅಣುತೂಕವನ್ನು ಅವಲಂಬಿಸುತ್ತದೆ. ಇದನ್ನು ವಿವರಿಸಲು ದ ಜೆನ್ 2000ದಲ್ಲಿ, ಮೇಲ್ಮೈಯನ್ನು ಮುಟ್ಟುವ ಸರಪಳಿಯ ತುಣುಕುಗಳು ತಮ್ಮದೇ ಜಾಡಿನಲ್ಲಿ ಜಾರುವ ಮೂಲಕ ಆ ಚಲನೆಯನ್ನು ಒಳಕ್ಕೆ ಸಾಗಿಸುತ್ತವೆಂಬ ಕಲ್ಪನೆಯನ್ನು ಮುಂದಿಟ್ಟರು. 2011ರಲ್ಲಿ ಪೈ ಮತ್ತು ರಾತ್ ಅಂತಹ ಪದರಗಳಲ್ಲಿ ಎರಡು ಪ್ರತ್ಯೇಕ ಸ್ಥಿತ್ಯಂತರಗಳನ್ನು ಗುರುತಿಸಿ, ಎರಡು ಕಾರಣಗಳು ಏಕಕಾಲದಲ್ಲಿ ಕೆಲಸ ಮಾಡುತ್ತವೆಂದು ತೋರಿಸಿದರು. ಸರಪಳಿಯ ಉದ್ದಕ್ಕೆ ಪಾತ್ರವಿಲ್ಲವೆಂಬ 1994ರ ತೀರ್ಮಾನ ಆಧಾರಿತ ಪದರಗಳಾಚೆಗೆ ವಿಸ್ತರಿಸುವುದಿಲ್ಲ.

4. ಎದುರು ಸಾಕ್ಷ್ಯ

ಇಳಿಕೆಯನ್ನೇ ಅಲ್ಲಗಳೆದ ಪ್ರಯೋಗಗಳು ಕಡಿಮೆಯೇನಲ್ಲ, ಅವು ಅಸಡ್ಡೆಯಿಂದ ನಡೆದವೂ ಅಲ್ಲ. ಎಫ್ರೆಮೊವ್ ಮತ್ತು ಸಂಗಡಿಗರು 2003ರಲ್ಲಿ ಅತಿವೇಗದ ನ್ಯಾನೊಕ್ಯಾಲರಿಮಾಪಕದಿಂದ ಶಾಖಧಾರಣೆಯನ್ನು ಅಳೆದು, ಕೆಲವೇ ನ್ಯಾನೊಮೀಟರುಗಳ ಪದರದಲ್ಲಿಯೂ ಹೇಳಿಕೊಳ್ಳುವಂತಹ ಬದಲಾವಣೆ ಇಲ್ಲವೆಂದರು. ಓಕಾನಲ್ ಮತ್ತು ಮೆಕೆನ್ನಾ 2005ರಲ್ಲಿ ಪಾಲಿವಿನೈಲ್ ಅಸಿಟೇಟ್ ಪದರಗಳನ್ನು ಸೂಕ್ಷ್ಮ ಗುಳ್ಳೆಗಳಾಗಿ ಉಬ್ಬಿಸಿ ಪರೀಕ್ಷಿಸಿದಾಗ 27.5 ನ್ಯಾನೊಮೀಟರಿನವರೆಗೂ ಸ್ಥಿತ್ಯಂತರ ತಾಪ ಬದಲಾಗಲಿಲ್ಲ; ಬದಲಾಗಿ ರಬ್ಬರಿನಂತಹ ಸ್ಥಿತಿಯಲ್ಲಿ ಪದರ ಅನಿರೀಕ್ಷಿತವಾಗಿ ಬಿಗಿಯಾಗಿತ್ತು. ಲೈಪ್‌ಜಿಗ್‌ನ ಕ್ರೆಮರ್ ಅವರ ಗುಂಪು ಪರ್ಯಾಯ ವಿದ್ಯುತ್ ಕ್ಷೇತ್ರಕ್ಕೆ ಅಣುಗಳು ಸ್ಪಂದಿಸುವ ವೇಗವನ್ನು ಅಳೆಯುತ್ತ, 2013ರಲ್ಲಿ ಫಲಕದ ಮೇಲೆ ಒಂಟಿಯಾಗಿ ಬಿದ್ದಿರುವ ಸರಪಳಿಗಳಲ್ಲಿಯೂ ದಪ್ಪ ವಸ್ತುವಿನಂತಹುದೇ ಚಲನೆಯನ್ನು ವರದಿ ಮಾಡಿತು.

ಎರಡು ಪಂಗಡಗಳೂ ಒಂದರ ಪ್ರಯೋಗದಲ್ಲಿ ಇನ್ನೊಂದು ದೋಷ ಹುಡುಕುವುದರಲ್ಲಿ ಬಹಳ ಕಾಲ ಕಳೆದವು. ಆ ಆಕ್ಷೇಪಗಳಲ್ಲಿ ಕೆಲವು ಸಾಧುವಾದವು. ವಿದ್ಯುತ್ ಮಾಪನಕ್ಕೆ ಪದರದ ಎರಡೂ ಕಡೆ ವಿದ್ಯುದ್ವಾರ ಬೇಕು. ಲೋಹವನ್ನು ನೇರವಾಗಿ ಲೇಪಿಸಿದಲ್ಲಿ ಮುಕ್ತ ಮೇಲ್ಮೈಯೇ ಇಲ್ಲವಾಗುತ್ತದೆ. ಮುಕ್ತ ಮೇಲ್ಮೈಯೇ ಇಳಿಕೆಗೆ ಕಾರಣವಾಗಿದ್ದರೆ, ಅದನ್ನು ಮುಚ್ಚಿ ಅಳೆದು ಇಳಿಕೆಯಿಲ್ಲ ಎನ್ನುವುದು ಖಂಡನೆಯಾಗದೆ ಸಮರ್ಥನೆಯಾಗುತ್ತದೆ. ಆದರೆ ಎಲ್ಲ ಎದುರು ಸಾಕ್ಷ್ಯವನ್ನೂ ಹೀಗೆ ತಳ್ಳಿಹಾಕಲಾಗದು.

5. ಒಂದು ಹೆಸರು, ಎರಡು ಪ್ರಶ್ನೆಗಳು

ಸಮಾಧಾನದ ಮೊದಲ ಎಳೆ ಫಖ್ರಾಯ್ ಮತ್ತು ಫಾರೆಸ್ಟ್ ಅವರ 2005ರ ಪ್ರಬಂಧದಲ್ಲಿದೆ. ಅವರು ಒಂದೇ ವಿಧಾನದಿಂದ, ಒಂದೇ ಬಗೆಯ ಪದರಗಳನ್ನು ಬೇರೆ ಬೇರೆ ವೇಗದಲ್ಲಿ ತಣಿಸಿ ನೋಡಿದರು. ನಿಧಾನವಾಗಿ ತಣಿಸಿದಾಗ ಇಳಿಕೆ ಗಣನೀಯ. ನಿಮಿಷಕ್ಕೆ 90 ಡಿಗ್ರಿಗಿಂತ ಹೆಚ್ಚಿನ ವೇಗದಲ್ಲಿ 6 ನ್ಯಾನೊಮೀಟರಿನ ಪದರದಲ್ಲಿಯೂ ಇಳಿಕೆ ಕಾಣಲಿಲ್ಲ. ಕಾರಣ ಹೀಗಿದೆ: ಒಳಭಾಗದ ಅಣುಚಲನೆ ತಾಪ ಇಳಿದಂತೆ ಕಡಿದಾಗಿ ಕುಗ್ಗುತ್ತದೆ, ಮೇಲ್ಮೈಯ ಚಲನೆ ನಿಧಾನವಾಗಿ ಕುಗ್ಗುತ್ತದೆ. ದಪ್ಪ ವಸ್ತುವಿನ ಸ್ಥಿತ್ಯಂತರ ತಾಪಕ್ಕಿಂತ ಕೆಲವೇ ಡಿಗ್ರಿ ಮೇಲೆ ಎರಡೂ ಒಂದಾಗುತ್ತವೆ. ವೇಗದ ಅಳತೆಯಲ್ಲಿ ಸ್ಥಿತ್ಯಂತರ ಈ ಹೆಚ್ಚಿನ ತಾಪದಲ್ಲಿಯೇ ಜರುಗುವುದರಿಂದ ವ್ಯತ್ಯಾಸ ಗೋಚರಿಸದು. ಎಫ್ರೆಮೊವ್ ಅವರ ಕ್ಯಾಲರಿಮಾಪಕವೂ ಕೆಡ್ಡಿಯವರ ಎಲಿಪ್ಸೊಮೆಟ್ರಿಯೂ ಆಗ ಪರಸ್ಪರ ವಿರೋಧಿಗಳಾಗಿ ಉಳಿಯುವುದಿಲ್ಲ.

ಎರಡನೆಯ ಎಳೆ ಇನ್ನೂ ಆಳವಾದುದು. ಸ್ಪೇನಿನ ಬಾಸ್ಕ್ ಪ್ರದೇಶದ ಬೌಷರ್, ಕಾಂಜಿಯಾಲೋಸಿ ಮತ್ತು ಸಂಗಡಿಗರು 2012ರಲ್ಲಿ ಪಾಲಿಸ್ಟೈರೀನ್ ತೆಳುಪದರಗಳ ಮೇಲೆಯೇ ಎರಡೂ ಅಳತೆಗಳನ್ನು ನಡೆಸಿದರು. ತಣಿಸುವಾಗ ಪದರ ಸಮತೋಲ ಕಳೆದುಕೊಳ್ಳುವ ತಾಪ ಇಳಿದಿತ್ತು. ಅದೇ ವಸ್ತುವಿನಲ್ಲಿ ಸರಪಳಿಯ ತುಣುಕುಗಳ ಚಲನೆಯ ವೇಗ ದಪ್ಪ ವಸ್ತುವಿನಲ್ಲಿದ್ದಂತೆಯೇ ಇತ್ತು. ಹಾಗಿದ್ದಲ್ಲಿ 'ಗಾಜಿನ ಸ್ಥಿತ್ಯಂತರ ತಾಪ' ಎಂಬ ಒಂದೇ ಹೆಸರಿನಡಿ ಎರಡು ಪ್ರಶ್ನೆಗಳು ಅಡಗಿವೆ. ತಣಿಯುವ ಪದರ ಯಾವ ತಾಪದಲ್ಲಿ ಸಮತೋಲ ಕಳೆದುಕೊಳ್ಳುತ್ತದೆ ಎಂಬುದು ಒಂದು. ಸಮತೋಲದಲ್ಲಿರುವ ಪದರದ ಅಣುಗಳು ನಿರ್ದಿಷ್ಟ ತಾಪದಲ್ಲಿ ಎಷ್ಟು ವೇಗವಾಗಿ ಚಲಿಸುತ್ತವೆ ಎಂಬುದು ಇನ್ನೊಂದು. ದಪ್ಪ ವಸ್ತುವಿನಲ್ಲಿ ಇವೆರಡಕ್ಕೂ ಉತ್ತರ ಒಂದೇ ಆಗಿದ್ದುದರಿಂದ ಹೆಸರೂ ಒಂದೇ ಸಾಕಾಗಿತ್ತು. ತೆಳುಪದರ ಆ ಕಾಕತಾಳೀಯವನ್ನು ಬಯಲುಮಾಡಿತು.

ಈ ಬೇರ್ಪಡಿಕೆಗೆ ಅವರು ನೀಡಿದ ವಿವರಣೆಯ ಪ್ರಕಾರ, ವಸ್ತು ಸಮತೋಲಕ್ಕೆ ಬರಲು ಅದರೊಳಗಿನ ಸೂಕ್ಷ್ಮ ಖಾಲಿ ಜಾಗಗಳು ಮೇಲ್ಮೈಯವರೆಗೆ ಸರಿದು ಹೊರಬೀಳಬೇಕು. ಪದರ ತೆಳುವಾಗಿದ್ದರೆ ದಾರಿ ಹತ್ತಿರ, ಕೆಲಸ ಬೇಗ. ವಿವರಣೆ ಆಕರ್ಷಕವಾಗಿದ್ದರೂ ಪೂರ್ಣವಲ್ಲ. ಅಣುಗಳು ಕದಲದೆ ಖಾಲಿ ಜಾಗ ಸರಿಯಲಾರದು. ಅಣುಚಲನೆ ಬದಲಾಗಿಲ್ಲವೆನ್ನುತ್ತ ಖಾಲಿ ಜಾಗದ ಸಂಚಾರವನ್ನು ಬೇರೆ ಲೆಕ್ಕದಲ್ಲಿ ಇರಿಸುವುದಕ್ಕೆ ಇನ್ನಷ್ಟು ಸಮರ್ಥನೆ ಬೇಕು. ಮೇಲ್ಮೈ ಪರಿಣಾಮದ ಪಕ್ಷದಲ್ಲಿಯೂ ಬಿಡಿಸದ ಗಂಟಿದೆ. ಸಹಕಾರಿ ಗುಂಪಿನ ಗಾತ್ರ ಕೆಲವೇ ನ್ಯಾನೊಮೀಟರೆಂದು ಅಂದಾಜಿಸಿರುವಾಗ, ಮೇಲ್ಮೈಯ ಪ್ರಭಾವ ಹತ್ತಾರು ನ್ಯಾನೊಮೀಟರುಗಳ ಆಳಕ್ಕೆ ಇಳಿಯುವುದು ಹೇಗೆಂಬುದಕ್ಕೆ ಸರ್ವಸಮ್ಮತವಾದ ಉತ್ತರವಿಲ್ಲ.

6. ಮಾದರಿಯ ಚರಿತ್ರೆ

ವಾದದಲ್ಲಿ ತಡವಾಗಿ ಗಮನ ಸೆಳೆದ ಸಂಗತಿ ಪದರದ ಪೂರ್ವಚರಿತ್ರೆ. ತೆಳುಪದರಗಳನ್ನು ಸಾಮಾನ್ಯವಾಗಿ ಪಾಲಿಮರಿನ ದ್ರಾವಣವನ್ನು ವೇಗವಾಗಿ ತಿರುಗುವ ಫಲಕದ ಮೇಲೆ ಸುರಿದು ರಚಿಸಲಾಗುತ್ತದೆ. ದ್ರಾವಕ ಕ್ಷಣಾರ್ಧದಲ್ಲಿ ಆರಿಹೋಗುತ್ತದೆ. ಸರಪಳಿಗಳು ತಮ್ಮ ಸಹಜ ವಿನ್ಯಾಸಕ್ಕೆ ಮರಳುವ ಮೊದಲೇ ಸಿಕ್ಕಿಕೊಳ್ಳುತ್ತವೆ. ಹೀಗೆ ಉಳಿದ ಒಳಬಿಗಿತವು ಪದರದ ವರ್ತನೆಯನ್ನು ಬದಲಿಸುತ್ತದೆಂಬುದನ್ನು ರೈಟರ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಪದರವನ್ನು ಕಾಯಿಸಿ ಹದಗೊಳಿಸುವ ಕಾಲಾವಧಿ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬೇರೆ. ನೆಪೊಲಿಟಾನೊ ಮತ್ತು ವ್ಯೂಬೆನ್‌ಹಾರ್ಸ್ಟ್ 2011ರಲ್ಲಿ, ಎರಡು ಅಲ್ಯೂಮಿನಿಯಂ ಪದರಗಳ ನಡುವಿನ ಪಾಲಿಸ್ಟೈರೀನನ್ನು ದೀರ್ಘಕಾಲ ಕಾಯಿಸಿದಂತೆ ಸರಪಳಿಗಳು ಲೋಹಕ್ಕೆ ಬಿಡಿಸಲಾರದಂತೆ ಅಂಟಿಕೊಳ್ಳುತ್ತ ಹೋಗುವುದನ್ನೂ, ಅದರೊಂದಿಗೆ ಸ್ಥಿತ್ಯಂತರ ತಾಪ ದಪ್ಪ ವಸ್ತುವಿನ ಮೌಲ್ಯದತ್ತ ಮರಳುವುದನ್ನೂ ಗುರುತಿಸಿದರು. ದಪ್ಪ ಬದಲಾಗಲಿಲ್ಲ, ಕಾಲವಷ್ಟೇ ಕಳೆಯಿತು, ಇಳಿಕೆ ಕರಗಿತು. ದಪ್ಪವನ್ನು ಮಾತ್ರ ಚರವಾಗಿ ಇಟ್ಟುಕೊಂಡ ಯಾವ ಸೂತ್ರವೂ ಇಂತಹ ಫಲಿತಾಂಶವನ್ನು ಒಳಗೊಳ್ಳಲಾರದು. ಹದಗೊಳಿಸಿದ ತಾಪವನ್ನೂ ಅವಧಿಯನ್ನೂ ಒಂದು ವಾಕ್ಯದಲ್ಲಿ ಮುಗಿಸುವ ಪ್ರಬಂಧಗಳು ಅಳತೆಯ ಅರ್ಧವನ್ನು ಮಾತ್ರ ಹೇಳಿದಂತಾಗುತ್ತದೆ.

7. ಭಾರತದಲ್ಲಿನ ಅಧ್ಯಯನ

ಈ ಕ್ಷೇತ್ರಕ್ಕೆ ಭಾರತದ ಪ್ರಯೋಗಾಲಯಗಳಿಂದಲೂ ಮಹತ್ವದ ಕೊಡುಗೆ ಸಂದಿದೆ. ಕೊಲ್ಕತ್ತದ ಸಹಾ ಪರಮಾಣು ಭೌತವಿಜ್ಞಾನ ಸಂಸ್ಥೆಯ ಸನ್ಯಾಲ್ ಮತ್ತು ಸಹಸಂಶೋಧಕರು 2002ರಲ್ಲಿ ಎಕ್ಸ್ ಕಿರಣ ಪ್ರತಿಫಲನದಿಂದ, ಅತಿ ತೆಳುವಾದ ಪಾಲಿಮರ್ ಪದರಗಳು ಕಾಯಿಸಿದಾಗ ಹಿಗ್ಗುವ ಬದಲು ಕುಗ್ಗುವುದನ್ನೂ, ತಣಿಸಿದಾಗ ಮತ್ತೆ ಮೊದಲಿನಂತಾಗುವುದನ್ನೂ ದಾಖಲಿಸಿದರು. ವ್ಯಾಕೋಚನದ ರೇಖೆಗಳ ಸಂಧಿಯನ್ನೇ ಸ್ಥಿತ್ಯಂತರವೆಂದು ಕರೆಯುವ ವಿಧಾನಕ್ಕೆ ಇದು ನೇರವಾದ ಎಚ್ಚರಿಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶ್ರೀವಾಸ್ತವ ಮತ್ತು ಬಸು 2007ರಲ್ಲಿ ಚಿನ್ನದ ನ್ಯಾನೊಕಣಗಳನ್ನು ಪಾಲಿಮರಿನಲ್ಲಿ ಬೆರೆಸಿ, ಕಣಕ್ಕೂ ಪಾಲಿಮರಿಗೂ ನಡುವಿನ ಸಂಧಿಭಾಗದ ಸ್ವರೂಪವು ಸ್ಥಿತ್ಯಂತರ ತಾಪವನ್ನು ನಿಯಂತ್ರಿಸುವ ಸ್ವತಂತ್ರ ಅಂಶವೆಂದು ವಾದಿಸಿದರು. ಗಾತ್ರಕ್ಕಿಂತ ಸಂಧಿಭಾಗವೇ ಮುಖ್ಯವೆಂಬ ತೀರ್ಮಾನಕ್ಕೆ ಪದರಗಳಾಚೆಯಿಂದ ಬಂದ ಬೆಂಬಲವಿದು. ಬೆಂಗಳೂರಿನವರೇ ಆದ ಕರ್ಮಾಕರ್, ದಾಸಗುಪ್ತ ಮತ್ತು ಶಾಸ್ತ್ರಿ 2009ರಲ್ಲಿ ಗಣಕಯಂತ್ರದ ಅನುಕರಣೆಗಳಲ್ಲಿ ವ್ಯವಸ್ಥೆಯ ಗಾತ್ರವನ್ನು ಬದಲಿಸುತ್ತ, ಗಾಜಾಗುವ ದ್ರವದಲ್ಲಿ ಬೆಳೆಯುವ ಉದ್ದಮಾನಗಳನ್ನು ವಿಶ್ಲೇಷಿಸಿದರು. ಅಲ್ಲಿ ಮೇಲ್ಮೈಯೂ ಇಲ್ಲ, ಗೋಡೆಯೂ ಇಲ್ಲ, ಗಾತ್ರವೊಂದೇ ಚರ. ತೆಳುಪದರದಿಂದ ಆಡಂ–ಗಿಬ್ಸ್ ಗುಂಪನ್ನು ಅಳೆಯಬೇಕೆಂಬ ಮೂಲ ನಿರೀಕ್ಷೆಗೆ ಪದರಕ್ಕಿಂತ ಈ ಮಾರ್ಗವೇ ಹೆಚ್ಚು ಶುದ್ಧವಾದುದು.

8. ಸಮಾರೋಪ

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಪಾಲಿಸ್ಟೈರೀನಿನ ಮುಕ್ತ ಮೇಲ್ಮೈ ಒಳಭಾಗಕ್ಕಿಂತ ಹೆಚ್ಚು ಚಲನಶೀಲವೆಂಬುದು ಪರಸ್ಪರ ಸಂಬಂಧವಿಲ್ಲದ ಹಲವು ವಿಧಾನಗಳಿಂದ ಸಿದ್ಧವಾಗಿದೆ. ಅದನ್ನು ಇನ್ನು ಅಳತೆಯ ದೋಷವೆನ್ನಲಾಗದು. ಎರಡನೆಯದಾಗಿ, ಮೇಲ್ಮೈ ಚಲನಶೀಲವೆಂದ ಮಾತ್ರಕ್ಕೆ ಇಡೀ ಪದರಕ್ಕೆ ದಪ್ಪವನ್ನವಲಂಬಿಸಿದ ಒಂದು ಹೊಸ ಸ್ಥಿತ್ಯಂತರ ತಾಪವನ್ನು ನಿಗದಿಪಡಿಸುವುದು ಸಮಂಜಸವಲ್ಲ. ಆಳ, ಸಂಧಿಭಾಗ, ತಣಿಸಿದ ವೇಗ, ಹದಗೊಳಿಸಿದ ಅವಧಿ ಇವಿಷ್ಟನ್ನೂ ಹೇಳದ ಸಂಖ್ಯೆಗೆ ಅರ್ಥವಿಲ್ಲ. ಮೂರನೆಯದಾಗಿ, ಸಮತೋಲ ಕಳೆದುಕೊಳ್ಳುವ ತಾಪವನ್ನೂ ಅಣುಚಲನೆಯ ವೇಗವನ್ನೂ ಬೇರೆ ಬೇರೆ ಹೆಸರುಗಳಿಂದಲೇ ಕರೆಯಬೇಕು. ಕನ್ನಡದಲ್ಲಿ ಈ ವಿಷಯದ ಪರಿಭಾಷೆ ಇನ್ನೂ ರೂಪುಗೊಳ್ಳುತ್ತಿರುವುದರಿಂದ ಆರಂಭದಲ್ಲಿಯೇ ಈ ವ್ಯತ್ಯಾಸವನ್ನು ಪಾಲಿಸುವ ಅನುಕೂಲ ನಮ್ಮ ಪಠ್ಯಗಳಿಗೆ ಇದೆ.

ಲೇಪನವನ್ನು ರೂಪಿಸುವ ತಂತ್ರಜ್ಞನಿಗೆ ಇದರಿಂದ ದೊರೆಯುವ ಸಲಹೆ ಸರಳವಾದುದು. ಪದರ ಬಳಕೆಯಲ್ಲಿ ಎದುರಿಸುವ ತಾಪ, ಕಾಲ ಮತ್ತು ಸಂಪರ್ಕಗಳಲ್ಲಿಯೇ ಅದನ್ನು ಪರೀಕ್ಷಿಸಬೇಕು. ಬೇರೊಂದು ಫಲಕದ ಮೇಲೆ, ಬೇರೊಂದು ವೇಗದಲ್ಲಿ ಅಳೆದ ಕೋಷ್ಟಕದ ಸಂಖ್ಯೆ ಅಲ್ಲಿ ನೆರವಿಗೆ ಬಾರದು. ಸಿದ್ಧಾಂತಕಾರನ ಮುಂದಿರುವ ಕೆಲಸ ಇನ್ನೂ ದೊಡ್ಡದು. ಮೇಲ್ಮೈಯ ಪ್ರಭಾವ ಅಷ್ಟು ಆಳಕ್ಕೆ ಸಾಗುವ ಬಗೆಯನ್ನು ವಿವರಿಸುವ ಸಿದ್ಧಾಂತ, ದಪ್ಪ ಗಾಜು ಏಕೆ ಗಾಜಾಗುತ್ತದೆ ಎಂಬುದಕ್ಕೂ ಉತ್ತರ ಹೇಳಲೇಬೇಕಾಗುತ್ತದೆ.